ಎತ್ತಿಗೆ ಸೋಮವಾರದ ರಜೆ ಇದೆ, ನಿಮಗೆ?



ಮೇವು, ಲಸಿಕೆ, ಕರು ಸಾಕಣೆಯ ವಿಷಯಗಳನ್ನು ಈ ಪತ್ರಿಕೆಯಲ್ಲಿ ಪ್ರತಿ ಸಲ ಓದುತ್ತೀರಿ. ಈ ಪುಟದಲ್ಲಿ ಆಕಳು-ಎಮ್ಮೆ ಕಟ್ಟಿಕೊಂಡ ನಿಮ್ಮ ಬಗ್ಗೆ ಬರೆಯುತ್ತೇನೆ. ನನ್ನ ಮಾತು ಇಷ್ಟೇ: ವರ್ಷದಲ್ಲಿ ಮೂರು ದಿನ ನೀವು ಊರು ಬಿಟ್ಟು ಹೋಗಬೇಕು. ಹಸಿರಿರುವ, ಸದ್ದುಗದ್ದಲ ಇಲ್ಲದ ಜಾಗದಲ್ಲಿ ಎರಡು ರಾತ್ರಿ ಮಲಗಿ, ಹೊತ್ತೇರಿದ ಮೇಲೆ ಏಳಬೇಕು. ಆ ಮೂರು ದಿನ ನಿಮ್ಮ ದನದ ಹಾಲು ಹಿಂಡುವ ಹೊಣೆಯನ್ನು ಸಂಘ ಹೊರಬೇಕು.

ನಗಬೇಡಿ. ಲೆಕ್ಕ ಹಾಕೋಣ. ದಿನಕ್ಕೆ ಎರಡು ಸಲ ಹಿಂಡಿದರೆ ವರ್ಷಕ್ಕೆ 730 ಸಲ. ಮನೆಯಲ್ಲಿ ಒಂದಾದರೂ ಹಿಂಡುವ ದನ ಇದ್ದೇ ಇರುತ್ತದೆ ಎಂದು ಹಿಡಿದರೆ, ಇಪ್ಪತ್ತು ವರ್ಷ ಹೈನು ಮಾಡಿದ ಅಕ್ಕ 14,600 ಸಲ ಕೆಚ್ಚಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಹೆಂಡಿ ಬಳಿದದ್ದು, ಮೇವು ಹೊತ್ತದ್ದು, ಕ್ಯಾನು ತೊಳೆದದ್ದು ಈ ಲೆಕ್ಕದಲ್ಲಿ ಬಂದಿಲ್ಲ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ದುಡಿಯುವವರಿಗೆ ವಾರಕ್ಕೊಂದು ರಜೆ ಇದೆ. ಅದರ ಮೇಲೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಆ ಲೆಕ್ಕ ನಿಮಗೆ ಹಿಡಿದರೆ, 365 ದಿನಕ್ಕೆ 18 ದಿನ ಬರಬೇಕು. ನಾನು ಕೇಳುತ್ತಿರುವುದು ಮೂರು.

ಕಾಯ್ದೆ ದೂರದ ಮಾತಾಯಿತು. ನಮ್ಮ ಊರಿನ ಪದ್ಧತಿಯನ್ನೇ ನೋಡಿ. ನಮ್ಮ ಭಾಗದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ, ಎಷ್ಟೇ ಅವಸರವಿದ್ದರೂ ಕೊರಳಿಗೆ ನೊಗ ಇಡುವುದಿಲ್ಲ. ಕಾರಹುಣ್ಣಿಮೆಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮೆರವಣಿಗೆ ಮಾಡುತ್ತೇವೆ. ನಮ್ಮ ಹಿರಿಯರು ದುಡಿಯುವ ಮೈಗೆ ಬಿಡುವು ಬೇಕೆಂದು ಬಲ್ಲವರು, ಅದನ್ನು ದೇವರ ಹೆಸರಿನಲ್ಲಿ ಕಟ್ಟುಪಾಡು ಮಾಡಿದರು. ಆದರೆ ಎತ್ತಿನ ಮೈ ತೊಳೆಯಲು ನೀರು ಹೊತ್ತವಳಿಗೆ ಒಂದು ವಾರ ಗೊತ್ತುಮಾಡುವುದನ್ನು ಮಾತ್ರ ಯಾರೂ ನೆನಪಿಸಿಕೊಳ್ಳಲಿಲ್ಲ.

ಊರು ಬಿಟ್ಟು ಹೋಗುವುದೇ ಇಲ್ಲವೇ ಎಂದರೆ, ಹೋಗುತ್ತೀರಿ. ಮದುವೆಗೆ, ಸಾವಿಗೆ, ದವಾಖಾನೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ. ಅದೂ ನಸುಕಿನಲ್ಲಿ ಹಿಂಡಿ ಹೊರಟು, ಸಂಜೆ ಹಿಂಡುವ ಹೊತ್ತಿಗೆ ಓಡಿ ಬರುವ ಹೋಗು. ಹಿಂದೆ ಪಂಚಮಿಗೆ ತವರಿಗೆ ಹೋದರೆ ಎಂಟು ದಿನ ಇರುತ್ತಿದ್ದರು, ಜೋಕಾಲಿ ಆಡುತ್ತಿದ್ದರು, ಅವ್ವನ ಕೈ ಅಡುಗೆ ಉಣ್ಣುತ್ತಿದ್ದರು. ಮಿಶ್ರತಳಿ ಆಕಳು ಕಟ್ಟಿದ ಮೇಲೆ ಪಂಚಮಿಯ ಉಂಡಿ ತಿಂದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಹೈನು ನಮಗೆ ಕೈಯಲ್ಲಿ ದುಡ್ಡು ಕೊಟ್ಟಿತು, ಮಕ್ಕಳ ಫೀ ಕಟ್ಟಿತು, ಬ್ಯಾಂಕಿನಲ್ಲಿ ನಮ್ಮ ಹೆಸರಿನ ಖಾತೆ ತೆರೆಸಿತು. ತವರಿನ ರಾತ್ರಿಗಳನ್ನು ಕಸಿದುಕೊಂಡಿತು ಎನ್ನುವುದನ್ನೂ ಹೇಳಲೇಬೇಕಲ್ಲ.

ಬಸ್ಸಿನ ಖರ್ಚು ಈಗ ಅಡ್ಡಿಯಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಆಧಾರ್ ತೋರಿಸಿದರೆ ಸಾಕು. ನಮ್ಮ ಅನೇಕ ಅಕ್ಕಂದಿರು ಧರ್ಮಸ್ಥಳ, ಶಿರಸಿ ಮಾರಿಕಾಂಬೆಯ ಗುಡಿ ನೋಡಿ ಬಂದರು. ಒಳ್ಳೆಯದಾಯಿತು. ಆದರೂ ಒಂದು ಮಾತು ಕೇಳುತ್ತೇನೆ. ನಾವು ಹೊರಗೆ ಕಾಲಿಡಲು ದೇವರೋ, ನೆಂಟರೋ, ರೋಗವೋ ಕಾರಣವಾಗಿ ಇರಲೇಬೇಕೇ? ಸುಮ್ಮನೆ ಕೂರಲು, ಗಿಡ ನೋಡಲು, ಹೊಳೆಯಲ್ಲಿ ಕಾಲು ಇಳಿಬಿಡಲು ಹೋಗುತ್ತೇನೆ ಎಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ, ಜ್ವರ ಬಂದಿದೆಯೋ ಎಂದು.

ಹೋಗುವುದೆಲ್ಲಿಗೆ? ದೂರ ಬೇಡ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ನಮಗೆಲ್ಲ ಗೊತ್ತು. ಬೇಸಿಗೆಯಲ್ಲಿ ಅದು ಹೊಳೆ ಎನ್ನಲೂ ನಾಚಿಕೆಯಾಗುವಷ್ಟು ಸಣ್ಣದು. ಕಲಘಟಗಿಯ ಹತ್ತಿರ ಹುಬ್ಬಳ್ಳಿ ಕಡೆಯ ಬೇಡ್ತಿ ಅದಕ್ಕೆ ಕೂಡುತ್ತದೆ. ಅಲ್ಲಿಂದ ಮುಂದೆ ಕಾಡು ಹೊಕ್ಕು, ಯಲ್ಲಾಪುರದ ಆಚೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಧುಮುಕುತ್ತದೆ. ಆಮೇಲೆ ಗಂಗಾವಳಿ ಎಂಬ ಹೆಸರು ಪಡೆದು ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಹಿತ್ತಲಿನ ನೀರು ಅಲ್ಲಿಗೆ ಹೋಗಿ ಅಷ್ಟು ದೊಡ್ಡ ಅಬ್ಬಿಯಾಗುವುದನ್ನು ನಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ನೋಡಿದ್ದೇವೆ? ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಮಾಗೋಡಿನ ಹತ್ತಿರವೇ ಜೇನುಕಲ್ಲು ಗುಡ್ಡ. ಅಲ್ಲಿ ಸಂಜೆ ಕೂತರೆ ಕೆಳಗೆ ಕಣಿವೆಯಲ್ಲಿ ಬೇಡ್ತಿ ಹರಿಯುವುದು ಕಾಣುತ್ತದೆ, ಬೇರೆ ಮಾಡುವ ಕೆಲಸ ಏನೂ ಇಲ್ಲ. ಇನ್ನೂ ಹತ್ತಿರ ಬೇಕೆಂದರೆ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ. ಚಳಿಗಾಲದಲ್ಲಿ ಕೆರೆಯ ಸುತ್ತ ಗಿಡಗಳ ಮೇಲೆ ಕೊಕ್ಕರೆಗಳು. ಧಾರವಾಡದವರಿಗೆ ಹಳಿಯಾಳದ ದಾರಿಯಲ್ಲಿ ದಾಂಡೇಲಿ. ಕಾಳಿ ಹೊಳೆಯ ದಂಡೆಯಲ್ಲಿ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸಪ್ಪಳ ಗಾಳಿ ಸೀಳಿದಂತೆ ಕೇಳಿಸುತ್ತದೆ. ಈಗ ಅಲ್ಲಿ ದೋಣಿ ಆಟ, ರೆಸಾರ್ಟು, ಮೈಕಿನ ಹಾಡು ಬಹಳವಾಗಿದೆ. ಆದ್ದರಿಂದ ನನ್ನ ಮತ ಯಲ್ಲಾಪುರ, ಶಿರಸಿ ಕಡೆಗೇ.

"ನಾವು ಇರೂದ ಹಳ್ಳ್ಯಾಗ, ಮತ್ತ ಹಳ್ಳಿ ನೋಡಾಕ ಯಾಕ ಹೋಗೂದ್ರಿ ಬಾಯಾರ?" ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರಿನವರು ನಿಮ್ಮ ಹೊಲದ ಬದುವಿನ ಮೇಲೆ ನಿಂತು "ಎಷ್ಟು ಶಾಂತ" ಎನ್ನುತ್ತಾರೆ. ನಿಮಗೆ ಅದೇ ಬದುವಿನಲ್ಲಿ ಕೊಯ್ಯಬೇಕಾದ ಹುಲ್ಲು ಕಾಣುತ್ತದೆ. ಕೊಟ್ಟಿಗೆಯ ಕಡೆಯಿಂದ ಕರು ಅಂಬಾ ಎಂದರೆ ಅವರಿಗೆ ಅದು ಹಳ್ಳಿಯ ಸಂಗೀತ, ನಿಮಗೆ ಮೇವು ಮುಗಿದ ಸುದ್ದಿ. ನಿಮ್ಮ ಮನೆಯಲ್ಲಿ ನೀವು ಎಲ್ಲಿ ಕೂತರೂ ಒಂದು ಕೆಲಸ ನಿಮ್ಮ ಕೈಯನ್ನು ಕರೆಯುತ್ತದೆ. ಕೈಗೆ ಯಾವ ಕರೆಯೂ ಬರದ ಕಡೆ ಹೋದಾಗಲೇ ಮೈ ತಾನು ಎಷ್ಟು ದಣಿದಿದೆ ಎಂದು ಒಪ್ಪಿಕೊಳ್ಳುವುದು.

ಫ್ರಾನ್ಸ್ ದೇಶದ ಒಂದು ಸಂಗತಿ ಇಲ್ಲಿ ಹೇಳುತ್ತೇನೆ. ಆ ದೇಶದ ಪೂರ್ವಕ್ಕೆ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿ ಜೂರಾ ಎಂಬ ಬೆಟ್ಟದ ಸೀಮೆ ಇದೆ. ಪ್ಯಾರಿಸ್‌ನಂಥ ನಗರದವರು ಕಾಡು, ಹುಲ್ಲುಗಾವಲು, ನಿಶ್ಶಬ್ದ ಬೇಕೆಂದು ಅಲ್ಲಿಗೆ ಹೋಗಿ ಹಳ್ಳಿಯ ಮನೆಗಳಲ್ಲಿ ಉಳಿಯುತ್ತಾರೆ. ಆ ಸೀಮೆಯ ಹೆಸರು ನಡೆದಿರುವುದೇ ಹಾಲಿನಿಂದ. ಮಾಂಬೇಲಿಯಾರ್ಡ್ ಎಂಬ ಕೆಂಪು-ಬಿಳಿ ಆಕಳು, ಅವುಗಳ ಹಾಲಿನ ಕೊಂತೆ ಎಂಬ ಗಿಣ್ಣು. ನಮ್ಮ ಊರಿನ ಸಂಘದಂತೆಯೇ ಅಲ್ಲಿ ಊರೂರಿಗೆ ರೈತರ ಸಹಕಾರಿ ಗಿಣ್ಣು ಮನೆಗಳಿವೆ. ಎಲ್ಲರೂ ಹಾಲು ಹಾಕುತ್ತಾರೆ, ಸುಮಾರು 400 ಲೀಟರ್ ಹಾಲಿಗೆ 40 ಕಿಲೋ ತೂಕದ ಒಂದು ಚಕ್ರ ತಯಾರಾಗುತ್ತದೆ. ಕಡಿಮೆಯೆಂದರೂ ನಾಲ್ಕು ತಿಂಗಳು ಅದನ್ನು ನೆಲಮಾಳಿಗೆಯಲ್ಲಿ ಮಾಗಿಸುತ್ತಾರೆ. ನಮ್ಮ ಧಾರವಾಡ ಪೇಡೆಗೆ ಇರುವಂಥ ಊರ ಹೆಸರಿನ ಕಾನೂನು ರಕ್ಷಣೆ ಅವರ ಗಿಣ್ಣಿಗೆ 1958ರಲ್ಲಿಯೇ ಸಿಕ್ಕಿತು. ಪ್ರವಾಸಿಗರು ಆ ಗಿಣ್ಣು ಮನೆ ನೋಡುತ್ತಾರೆ, ಕೊರಳ ಗಂಟೆಯ ಸದ್ದು ಕೇಳುತ್ತಾರೆ, ತಿರುಗಿ ಹೋಗಿ ವಿಶ್ರಾಂತಿ ಸಿಕ್ಕಿತು ಎನ್ನುತ್ತಾರೆ. ಅಲ್ಲಿಯೂ ಆ ಗಂಟೆಯ ಹಿಂದೆ ದಿನಕ್ಕೆರಡು ಸಲ ಹಿಂಡುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ.

ನನಗೆ ಬೇಕಾದ ಮಾತು ಇನ್ನು ಮುಂದಿನದು. ಆ ಹಿಂಡುವವರು ತಾವೂ ರಜೆಗೆ ಹೋಗುತ್ತಾರೆ. ಫ್ರಾನ್ಸಿನ ರೈತರು ತಮ್ಮದೇ ಬದಲಿ ಸೇವಾ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಕಾಯಿಲೆ, ಹೆರಿಗೆ, ರಜೆ ಯಾವುದಿದ್ದರೂ ಪಳಗಿದ ಒಬ್ಬರು ಬಂದು ಕೊಟ್ಟಿಗೆ ನೋಡಿಕೊಳ್ಳುತ್ತಾರೆ. 2006ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು. ದಿನವೂ ತಾವೇ ಇರಬೇಕಾದ ಹೈನಿನಂಥ ಕಸುಬಿನವರು ರಜೆಗಾಗಿ ಬದಲಿ ಆಳು ಇಟ್ಟರೆ, ವರ್ಷಕ್ಕೆ 14 ದಿನಗಳವರೆಗಿನ ಖರ್ಚಿನ ಅರ್ಧವನ್ನು ತೆರಿಗೆಯಲ್ಲಿ ಬಿಟ್ಟುಕೊಡುವ ಏರ್ಪಾಡು ಅದು. ಆ ದೇಶದ ಹಣ, ಅವರ ಯಂತ್ರ, ಅವರ ಹಿಂಡು ನಮ್ಮಲ್ಲಿ ಇಲ್ಲ ನಿಜ. ಆದರೆ ಹಾಲು ಹಿಂಡುವವರಿಗೂ ರಜೆ ಎಂಬುದು ಇರುತ್ತದೆ ಎಂದು ಒಪ್ಪಲು ಹಣ ಬೇಕಿಲ್ಲ.

ಈಗ ನಿಮ್ಮ ನಿಜವಾದ ಅಡಚಣೆಗೆ ಬರೋಣ. "ನಾ ಹೋಗಾಕಿನ ಖರೆ, ಎಮ್ಮಿ ಬ್ಯಾರೆದವರಿಗೆ ಹಾಲ ಬಿಡೂದಿಲ್ರಿ." ಇದು ನೆವವಲ್ಲ. ನಿಮ್ಮ ಹೆಜ್ಜೆಯ ಸಪ್ಪಳ, ಬಕೆಟ್ಟಿನ ಸದ್ದು, ಕೆಚ್ಚಲಿಗೆ ತಾಗುವ ಬೆಚ್ಚನೆಯ ನೀರು ಇವಿಷ್ಟರಿಂದ ದನದ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿದು ಹಾಲು ತೊರೆ ಬಿಡುತ್ತದೆ. ಅದರ ಬಲ ಐದಾರು ನಿಮಿಷ ಮಾತ್ರ. ಹೊಸಬರನ್ನು ಕಂಡು ಬೆದರಿದರೆ ಅಂಜಿಕೆಯ ರಸ ಅದನ್ನು ತಡೆಯುತ್ತದೆ, ಹಾಲು ಮೇಲೇ ನಿಲ್ಲುತ್ತದೆ. ಎಮ್ಮೆ ಈ ವಿಷಯದಲ್ಲಿ ಆಕಳಿಗಿಂತ ಹಟಮಾರಿ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿತು, ಹಟಕ್ಕೂ ಒಂದು ಮಾನ್ಯತೆ ಕೊಟ್ಟಿದ್ದರೆ ಅದನ್ನೂ ಗೆಲ್ಲುತ್ತಿತ್ತು. ಹಾಲು ಉಳಿದರೆ ಕೆಚ್ಚಲು ಬಾವಿನ ಭಯ. ಆದ್ದರಿಂದ ಹೋಗುವ ದಿನ ಯಾರನ್ನೋ ಕರೆದು ಕೈಗೆ ಬಕೆಟ್ ಕೊಟ್ಟು ಹೋಗಲು ಆಗುವುದಿಲ್ಲ, ನೀವು ಹೇಳುವುದು ಸರಿ.

ಆದರೆ ಇದಕ್ಕೆ ದಾರಿ ಇದೆ. ಬದಲಿಯವಳು ಹದಿನೈದು ದಿನ ಮುಂಚೆಯೇ ಬರಲು ಸುರುಮಾಡಬೇಕು. ಮೊದಲ ನಾಲ್ಕು ದಿನ ನಿಮ್ಮ ಜೊತೆ ಸುಮ್ಮನೆ ನಿಂತು ಮೈ ಸವರಲಿ, ಹಿಂಡಿ ತಿನ್ನಿಸಲಿ. ಆಮೇಲೆ ಎರಡು ಮೊಲೆ ನೀವು, ಎರಡು ಮೊಲೆ ಅವಳು. ಕಡೆಯ ವಾರ ಪೂರ್ತಿ ಅವಳೇ ಹಿಂಡಲಿ, ನೀವು ಕೊಟ್ಟಿಗೆಯ ಹೊರಗೆ ಇರಿ. ಹಿಂಡುವ ಹೊತ್ತು ಬದಲಾಗಬಾರದು, ಮೇವು ಬದಲಾಗಬಾರದು. ಎಷ್ಟು ಹಿಂಡಿ, ಎಷ್ಟು ಪಶು ಆಹಾರ, ಎಷ್ಟು ಕಣಕಿ ಎಂಬುದನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಿ. ಒಂದು ಮನೆಯ ಬಾವು ಇನ್ನೊಂದು ಮನೆಗೆ ಹೋಗದಂತೆ ಅವಳು ಸಾಬೂನಿನಿಂದ ಕೈ ತೊಳೆದೇ ಕೂರಬೇಕು, ಹಿಂಡಿದ ಮೇಲೆ ಮೊಲೆ ತುದಿಯನ್ನು ಔಷಧದಲ್ಲಿ ಅದ್ದಬೇಕು. ಒಂದೇ ಆಕಳಿರುವವರಿಗೆ ಇಷ್ಟೂ ಬೇಡ. ಕರು ಹಾಕುವ ಮುಂಚೆ ಸುಮಾರು 60 ದಿನ ಹಾಲು ಬತ್ತಿಸುತ್ತೀರಲ್ಲ, ಆ ಎರಡು ತಿಂಗಳ ಮೊದಲ ಪಾದದಲ್ಲಿ, ಹಾಲು ಪೂರ್ತಿ ನಿಂತ ಮೇಲೆ ಹೋಗಿ ಬನ್ನಿ. ಮೇವು ನೀರು ನೋಡುವವರಿದ್ದರೆ ಸಾಕು.

ಮೇವು ನೀರು ನೋಡುವವರು ಎಂದಾಗ ಗಂಡಸರ ನೆನಪಾಗುತ್ತದೆ. ನಮ್ಮ ಮನೆಗಳಲ್ಲಿ ಗಂಡಸರು ಕ್ಯಾನು ಹಿಡಿದು ಸಂಘಕ್ಕೆ ಬರುತ್ತಾರೆ, ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡುತ್ತಾರೆ, ದರ ಹೆಚ್ಚಾಗಬೇಕೆಂದು ಮಾತಾಡುತ್ತಾರೆ. ಕೆಚ್ಚಲ ಮುಂದೆ ಕೂರು ಎಂದರೆ ಅದು ಹೆಂಗಸರ ಕೆಲಸ. ಯಾರು ಹೇಳಿದರು? ಜೂರಾದ ಗಂಡಸರು ಹಿಂಡುತ್ತಾರೆ, ಗೌಳಿಗರ ಗಂಡಸರು ಹಿಂಡುತ್ತಾರೆ. ಸಂಘದಲ್ಲಿ ಹಾಲು ಹಿಂಡುವ ತರಬೇತಿ ಇಟ್ಟಾಗ ಸದಸ್ಯೆಯರ ಜೊತೆ ಅವರ ಮಗ, ಮೈದುನ, ಗಂಡ ಯಾರಾದರೊಬ್ಬರು ಕೂರಬೇಕೆಂದು ನಿಯಮ ಮಾಡಿ. ಮನೆಯಲ್ಲೇ ಒಂದು ಬದಲಿ ಕೈ ತಯಾರಾದರೆ ಸಂಘಕ್ಕೂ ಖರ್ಚು ಕಡಿಮೆ.

ಇನ್ನೊಂದು ಅಡಚಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಯಾರ ಮನೆಯವಳು ಯಾರ ಕೊಟ್ಟಿಗೆಗೆ ಬರಬಹುದು ಎಂಬ ಲೆಕ್ಕ ಊರಲ್ಲಿ ಇನ್ನೂ ನಡೆಯುತ್ತದೆ. ಎಲ್ಲರ ಹಾಲೂ ಸಂಘದ ಒಂದೇ ಕ್ಯಾನಿಗೆ ಬಿದ್ದು, ಶೀತಲ ಕೇಂದ್ರದ ಒಂದೇ ತೊಟ್ಟಿಯಲ್ಲಿ ಕೂಡಿದ ಮೇಲೆ ಯಾವ ಹಾಲು ಯಾರದು? ಹಾಲು ಕೂಡಬಹುದು, ಹಿಂಡುವ ಕೈ ಕೂಡಬಾರದು ಎಂದರೆ ಸಹಕಾರ ಸಂಘದ ಬೋರ್ಡಿನ ಕೆಳಗೆ ನಿಂತು ಆಡುವ ಮಾತಲ್ಲ ಅದು.

ಪ್ರವಾಸ ಹೇಗಿರಬೇಕು ಎನ್ನುವುದಕ್ಕೂ ನನ್ನದೊಂದು ಹಟವಿದೆ. ಅಧ್ಯಯನ ಪ್ರವಾಸ ಎಂದು ನಸುಕಿನ ನಾಲ್ಕಕ್ಕೆ ಎಬ್ಬಿಸಿ, ಒಂದು ದಿನಕ್ಕೆ ಎರಡು ಡೇರಿ, ಮೂರು ಗುಡಿ, ಒಂದು ಅಣೆಕಟ್ಟು ತೋರಿಸಿ, ನಡುರಾತ್ರಿ ಊರಿಗೆ ಬಿಡುವುದು ಬೇಡ. ಅದರಲ್ಲಿ ಕಲಿಯುವುದು ಇರಬಹುದು, ದಣಿವು ಇಮ್ಮಡಿಯಾಗುತ್ತದೆ. ಒಂದೇ ಊರು, ಎರಡು ರಾತ್ರಿ, ಎಂಟು-ಹತ್ತು ಮಂದಿ. ಉತ್ತರ ಕನ್ನಡದ ಸಂಘಗಳ ಹಾಲೂ ನಮ್ಮ ಧಾರವಾಡ ಒಕ್ಕೂಟಕ್ಕೇ ಬರುತ್ತದೆ, ಆದ್ದರಿಂದ ಶಿರಸಿ, ಯಲ್ಲಾಪುರದ ಸದಸ್ಯೆಯರು ನಮಗೆ ಪರಕೀಯರಲ್ಲ. ಹೋಟೆಲ್ ಹುಡುಕುವ ಬದಲು ಅಲ್ಲಿನ ಸಂಘದ ಮುಖಾಂತರ ಅವರ ಮನೆಗಳಲ್ಲೇ ಉಳಿಯೋಣ. ಅಡಿಕೆ ತೋಟದ ನೆರಳು, ಸೊಪ್ಪಿನ ಬೆಟ್ಟದಿಂದ ತಂದ ಹಸಿ ಸೊಪ್ಪನ್ನು ಹಾಸಿದ ಕೊಟ್ಟಿಗೆ, ನಮ್ಮ ಕಣ್ಣಿಗೆ ಕರುವಿನಂತೆ ಕಾಣುವ ಗಿಡ್ಡ ತಳಿಯ ಆಕಳು. ಅವರ ತಂಬುಳಿ, ತೊಡೆದೇವು. ದನ ಸಾಕುವವಳು ಇನ್ನೊಬ್ಬಳ ಕೊಟ್ಟಿಗೆ ನೋಡದೆ ಇರಲಾರಳು, ನೋಡಿ. ಆದರೆ ಅಲ್ಲಿ ಪೊರಕೆ ಮುಟ್ಟಬೇಡಿ.

ಒಂದು ಎಚ್ಚರ. ನಮ್ಮ ವಿಶ್ರಾಂತಿ ಆ ಅಕ್ಕನ ಮೇಲೆ ಇನ್ನಷ್ಟು ಕೆಲಸವಾಗಬಾರದು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ನಮ್ಮದೇ ಇರಲಿ. ಉಳಿದ ಊಟಕ್ಕೆ, ಹಾಸಿಗೆಗೆ ಸರಿಯಾದ ದುಡ್ಡು ಕೊಡಿ, ನೆಂಟಸ್ತಿಕೆಯ ಹೆಸರಿನಲ್ಲಿ ಉಳಿಸಬೇಡಿ. ಮುಂದೆ ಶಿವರಾತ್ರಿಯ ಸಮಯದಲ್ಲಿ ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಗೆ ಅವರು ಬರಲಿ, ನಮ್ಮ ಮನೆಗಳಲ್ಲಿ ಉಳಿಯಲಿ. ಅವರ ದನಕ್ಕೂ ಅಲ್ಲಿನ ಸಂಘ ಬದಲಿ ಕೈ ಕೊಡಲಿ.

ಕಾಲ ಯಾವುದು ಎಂದರೆ, ದೀಪಾವಳಿ ಮುಗಿದು, ಹಿಂಗಾರಿ ಬಿತ್ತಿ, ಜೋಳದ ಸುಗ್ಗಿ ಇನ್ನೂ ದೂರವಿರುವ ನವೆಂಬರ್ ತಿಂಗಳು. ಮಳೆ ನಿಂತಿರುತ್ತದೆ, ಅಬ್ಬಿಯಲ್ಲಿ ನೀರಿರುತ್ತದೆ, ಮನೆಯಲ್ಲಿ ಹಸಿ ಮೇವು ಇರುತ್ತದೆ. ಹತ್ತಿ ಬಿಡಿಸುವ ನವಲಗುಂದ ಕಡೆಯವರಿಗೆ ಈ ತಿಂಗಳು ಹೊಂದುವುದಿಲ್ಲ, ಅವರು ತಮ್ಮ ಬಿಡುವು ನೋಡಿಕೊಳ್ಳಲಿ.

ಖರ್ಚು ದೊಡ್ಡದಲ್ಲ. ಪ್ರತಿ ಸಂಘದಲ್ಲಿ ಇಬ್ಬರು ಬದಲಿ ಹಾಲುಗಾರ್ತಿಯರಿಗೆ ತರಬೇತಿ. ದನ ಕಟ್ಟಲು ಜಾಗವಿಲ್ಲದ, ಆದರೆ ಕೈ ಪಳಗಿದ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ, ಅವರಿಗೆ ಇದು ಕೂಲಿಯೂ ಆಗುತ್ತದೆ. ಕೂಲಿಯಲ್ಲಿ ಅರ್ಧ ಸದಸ್ಯೆ, ಅರ್ಧ ಸಂಘ. ಸ್ಟೆಪ್ ಯೋಜನೆಯಲ್ಲಿ ಹುಟ್ಟಿದ ನಮ್ಮ ಮಹಿಳಾ ಸಂಘಗಳಲ್ಲಿ ಅಧ್ಯಕ್ಷೆಯಿಂದ ಕಾರ್ಯದರ್ಶಿಯವರೆಗೆ ಎಲ್ಲರೂ ಹೆಂಗಸರೇ. ನಿವ್ವಳ ಲಾಭ ಹಂಚುವಾಗ ಮಹಾಸಭೆಯಲ್ಲಿ ಕೈ ಎತ್ತುವವರೂ ನೀವೇ. ಬೋನಸ್ಸಿನಲ್ಲಿ ತಲೆಗೆ ಕೆಲವು ರೂಪಾಯಿ ಕಡಿಮೆಯಾದರೆ ಗಲಾಟೆ ಮಾಡುವವರು ಇರುತ್ತಾರೆ. ಅವರನ್ನೇ ಮೊದಲ ತಂಡದಲ್ಲಿ ಕಳಿಸಿ.

ಮುಂದಿನ ವಾರ್ಷಿಕ ಮಹಾಸಭೆಯ ನೋಟಿಸು ಬಂದ ಕೂಡಲೇ ಈ ಠರಾವನ್ನು ಕಾಗದದ ಮೇಲೆ ಬರೆಯಿರಿ: "ನಮ್ಮ ಸಂಘಕ್ಕೆ ಹಾಲು ಹಾಕುವ ಪ್ರತಿ ಸದಸ್ಯೆಗೆ ವರ್ಷದಲ್ಲಿ ಮೂರು ದಿನ ಬದಲಿ ಹಾಲು ಹಿಂಡುವ ವ್ಯವಸ್ಥೆ ಮಾಡುವುದು, ಇದಕ್ಕೆ ಇಬ್ಬರಿಗೆ ತರಬೇತಿ ಕೊಡಿಸುವಂತೆ ಒಕ್ಕೂಟವನ್ನು ಕೋರುವುದು, ಕೂಲಿಯ ಅರ್ಧವನ್ನು ಸಂಘವು ಭರಿಸುವುದು." ಕೆಳಗೆ ಹತ್ತು ಮಂದಿ ಸಹಿ ಹಾಕಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಸಭೆಯ ವಿಷಯಪಟ್ಟಿ ಅಚ್ಚಾಗುವ ಮುಂಚೆ ಕಾರ್ಯದರ್ಶಿಯ ಕೈಗೆ ಕೊಡಿ, ನಕಲಿನ ಮೇಲೆ ಅವರಿಂದ ತಾರೀಖು ಹಾಕಿಸಿಕೊಳ್ಳಿ.